ಆನ್‌ಲೈನಿನಲ್ಲಿ ತರಿಸಿದ ಬೀಜವು ಬಾರದಿದ್ದರೆ

ಈಚೆಗೆ ರೈತರಲ್ಲಿ ಹಲವರು ಬಿತ್ತನೆಯ ಬೀಜವನ್ನು ಆನ್‌ಲೈನ್ ಅಂಗಡಿಗಳಿಂದ ತರಿಸುವುದುಂಟು. ಹದ ಮೀರಿದ ಮೇಲೆ ಬಂದ ಬೀಜವು ಬಾರದ ಬೀಜಕ್ಕೆ ಸಮಾನವು. ಆದುದರಿಂದ ಗೊತ್ತಾದ ದಿನಕ್ಕೆ ಗಂಟು ತಲಪದಿದ್ದರೆ, ಅಥವಾ ತಲಪದೆಯೇ ‘ತಲಪಿಸಲಾಗಿದೆ’ ಎಂಬ ಸಂದೇಶ ಬಂದರೆ, ಅದೇ ದಿನ ಆರ್ಡರ್ ಸಂಖ್ಯೆಯನ್ನೂ ಹಣ ಸಂದಾಯದ ರುಜುವಾತನ್ನೂ ಕಾಣಿಸಿ ಆ ಸಂಸ್ಥೆಯ ದೂರು ಅಧಿಕಾರಿಗೆ ಬರೆಯತಕ್ಕದ್ದು. 2020ರ ಇ-ವಾಣಿಜ್ಯ ನಿಯಮಗಳ ಮೇರೆಗೆ ಆ ಅಧಿಕಾರಿಯು 48 ಗಂಟೆಗಳೊಳಗೆ ದೂರು ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಬಿತ್ತನೆಯು ತಿಂಗಳು ಕಾಯದು. ಬೀಜವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೊಂಡು, ಹಣವನ್ನು ಹಿಂದಕ್ಕೆ ಕೇಳುವುದೇ ಲೇಸು. ಪರಿಹಾರ ದೊರೆಯದಿದ್ದರೆ 1915 ಸಂಖ್ಯೆಯ ಸಹಾಯವಾಣಿಗೆ ತಿಳಿಸಬಹುದು. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷ ರೂಪಾಯಿ ಬೆಲೆಯವರೆಗೆ ಅಲ್ಲಿ ಶುಲ್ಕವಿಲ್ಲ. ಗ್ರಾಮದ ಮುಖಂಡರು ಇದನ್ನು ಓದುಬಾರದ ರೈತರಿಗೆ ತಿಳಿಯಹೇಳಬೇಕಾಗಿ ಕೋರಿದೆ.