ಲ್ಯಾಬ್ ಕಲಿತವರ ಹೊರದೇಶದ ಪರೀಕ್ಷೆ: ಮೊದಲ ತೊಡಕು ಎಸ್.ಎಸ್.ಎಲ್.ಸಿ. ಪುಸ್ತಕದಲ್ಲೇ

ಕಳೆದ ಮಳೆಗಾಲದಲ್ಲಿ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಫೈಲೊಂದನ್ನು ಎದೆಗವಚಿಕೊಂಡು ಶಾಲೆಗೆ ಬಂದಳು. ಹತ್ತರ ವರೆಗೆ ನಮ್ಮಲ್ಲಿ ಕನ್ನಡದಲ್ಲಿ ಕಲಿತು, ಪ್ಲಸ್ ಟು ಮುಗಿಸಿ, ಮಂಗಳೂರಿನಲ್ಲಿ ಬಿ.ಎಸ್ಸಿ. ಎಂ.ಎಲ್.ಟಿ. ಪದವಿ ಪಡೆದು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಿರುವವಳು. "ಮಾಷ್ಟ್ರೇ, ಪರೀಕ್ಷೆಗೆ ಓದುವುದು ಕಷ್ಟ ಅಲ್ಲ. ಅರ್ಜಿಯಲ್ಲಿ ಯಾವ ಹೆಸರು ಬರೆಯುವುದು?" ಎಂದಳು.

ಫೈಲು ಬಿಡಿಸಿ ನೋಡಿದೆವು. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಹೆಸರಿನ ಹಿಂದೆ ಬರೇ ಒಂದು ಇನಿಷಿಯಲ್. ಪದವಿ ಪತ್ರದಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಮನೆ ಹೆಸರಾಗಿ ಮುಂದೆ ಬಂದಿದೆ. ಪಾಸ್‌ಪೋರ್ಟಿನಲ್ಲಿ ಮನೆ ಹೆಸರೇ ಇಲ್ಲ, ತಂದೆಯ ಹೆಸರಿದೆ. ಸಾಲದ್ದಕ್ಕೆ, ಇಂಗ್ಲಿಷ್ ಕಾಗುಣಿತದಲ್ಲಿ ಕೇರಳದ ರೂಢಿಯ 'ಎಚ್' ಅಕ್ಷರ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಶಾಲೆಯ ದಾಖಲಾತಿ ಪುಸ್ತಕ ತೆಗೆಸಿದರೆ ಅಲ್ಲಿದ್ದುದು ನಮ್ಮದೇ ಕೈಬರಹ. ಆಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ.

ಆಕೆ ಬರೆಯಹೊರಟದ್ದು ಅಮೆರಿಕನ್ ಸೊಸೈಟಿ ಫಾರ್ ಕ್ಲಿನಿಕಲ್ ಪೆಥಾಲಜಿ ಎಂಬ ಸಂಸ್ಥೆಯ ಪರೀಕ್ಷೆ. ಸಂಸ್ಥೆ ಹುಟ್ಟಿದ್ದು 1922ರಲ್ಲಿ. ಲ್ಯಾಬ್ ಕೆಲಸದವರಿಗೆ ಅರ್ಹತಾಪತ್ರ ಕೊಡಲು ತೊಡಗಿದ್ದು 1928ರಲ್ಲಿ. ಅಮೆರಿಕದ ಹೊರಗೆ ಕಲಿತವರಿಗೆ ಕೊಡುವ ಪತ್ರದ ಹೆಸರಿನ ಕೊನೆಗೆ 'ಐ' ಅಕ್ಷರವಿರುತ್ತದೆ. ಪದವೀಧರರಿಗೆ ಎಂ.ಎಲ್.ಎಸ್., ಡಿಪ್ಲೊಮಾದ ಮಟ್ಟದವರಿಗೆ ಎಂ.ಎಲ್.ಟಿ. ಎಂಬ ಎರಡು ದರ್ಜೆಗಳಿವೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಕಂಪ್ಯೂಟರಿನ ಮುಂದೆ: 100 ಪ್ರಶ್ನೆ, ಎರಡೂವರೆ ಗಂಟೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. 999ರ ಅಳತೆಯಲ್ಲಿ 400 ಬಂದರೆ ತೇರ್ಗಡೆ. ಮೂರು ವರ್ಷಕ್ಕೊಮ್ಮೆ ಮುಂದಿನ ಕಲಿಕೆಯ ಲೆಕ್ಕ ತೋರಿಸಿ ಪತ್ರವನ್ನು ನವೀಕರಿಸಬೇಕು.

ರಕ್ತಕಣಗಳ ವಿಭಾಗ, ರಾಸಾಯನಿಕ ಪರೀಕ್ಷೆ, ಸೂಕ್ಷ್ಮಜೀವಿ, ಬ್ಲಡ್ ಬ್ಯಾಂಕ್ ಈ ನಾಲ್ಕಕ್ಕೂ ತಲಾ ಸುಮಾರು ಐದನೇ ಒಂದು ಪಾಲು ಪ್ರಶ್ನೆಗಳು. ಉಳಿದದ್ದು ಮೂತ್ರಪರೀಕ್ಷೆ, ರೋಗನಿರೋಧಕ ಶಾಸ್ತ್ರ, ಲ್ಯಾಬಿನ ಆಡಳಿತ. ನಮ್ಮ ಮಕ್ಕಳು ಎಡವುವುದು ಬ್ಲಡ್ ಬ್ಯಾಂಕಿನಲ್ಲಿ. ಪೇಟೆಯ ಸಣ್ಣ ಲ್ಯಾಬಿನಲ್ಲಿ ಸಕ್ಕರೆ, ಮೂತ್ರ, ಹಿಮೋಗ್ಲೋಬಿನ್ ನೋಡಿ ಕೈ ಪಳಗುತ್ತದೆ. ರಕ್ತ ಹೊಂದಾಣಿಕೆ ನೋಡುವ ಸಂದರ್ಭವೇ ಬರುವುದಿಲ್ಲ. ಅಳತೆಯ ಮಾನವೂ ಬೇರೆ. ನಾವಿಲ್ಲಿ ಸಕ್ಕರೆ 90 ಎನ್ನುವುದನ್ನು ಬ್ರಿಟನಿನಲ್ಲಿ 5 ಎನ್ನುತ್ತಾರೆ. ಇಲ್ಲಿನದು ಡೆಸಿಲೀಟರಿಗೆ ಮಿಲಿಗ್ರಾಂ, ಅಲ್ಲಿನದು ಲೀಟರಿಗೆ ಮಿಲಿಮೋಲ್, 18ರಿಂದ ಭಾಗಿಸಿದರಾಯಿತು.

ಈ ಪತ್ರ ಕೈಗೆ ಬಂದೊಡನೆ ವಿಮಾನ ಹತ್ತಬಹುದೆಂದು ತಿಳಿದವರುಂಟು. ಅದು ವೀಸಾವೂ ಅಲ್ಲ, ಲೈಸೆನ್ಸೂ ಅಲ್ಲ. ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂತಹ ರಾಜ್ಯಗಳು ತಮ್ಮದೇ ಲೈಸೆನ್ಸ್ ಕೇಳುತ್ತವೆ. ಬ್ರಿಟನಿನಲ್ಲಿ ಎಚ್.ಸಿ.ಪಿ.ಸಿ. ಎಂಬ ಮಂಡಳಿಯಲ್ಲಿ ಹೆಸರು ನೋಂದಾಯಿಸದೆ 'ಬಯೋಮೆಡಿಕಲ್ ಸಯಂಟಿಸ್ಟ್' ಎಂದು ಹೇಳಿಕೊಳ್ಳುವುದೇ ಅಪರಾಧ. ನಮ್ಮವರು ಹೆಚ್ಚಾಗಿ ಹೋಗುವ ಗಲ್ಫಿನಲ್ಲಿ ದುಬಾಯಿಗೆ ಒಂದು ಪ್ರಾಧಿಕಾರ, ಅಬುಧಾಬಿಗೆ ಇನ್ನೊಂದು, ಸೌದಿಗೆ ಮತ್ತೊಂದು. ಅಲ್ಲೆಲ್ಲ ಪರೀಕ್ಷೆಯಷ್ಟೇ ಮುಖ್ಯವಾದದ್ದು ಡೇಟಾಫ್ಲೋ ಎಂಬ ಕಂಪೆನಿಯ ತಪಾಸಣೆ.

ಅವರು ನಾವು ಕೊಟ್ಟ ಪ್ರತಿಯನ್ನು ನಂಬುವುದಿಲ್ಲ. ಕಾಲೇಜಿಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ಇಲ್ಲೇ ಹಲವರು ಸಿಕ್ಕಿಬೀಳುವುದು. ಎರಡು ವರ್ಷ ದುಡಿದ ಲ್ಯಾಬು ಮುಚ್ಚಿಹೋಗಿದ್ದರೆ ಆ ಪತ್ರಕ್ಕೆ ಉತ್ತರ ಕೊಡುವವರು ಯಾರು? ನೇಮಕದ ಆದೇಶ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. 'ಅನುಭವದ ಸರ್ಟಿಫಿಕೇಟು ನಾವು ಮಾಡಿಸಿಕೊಡುತ್ತೇವೆ' ಎನ್ನುವ ಏಜೆಂಟರ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಏಜೆಂಟನಿಗೆ ಏನೂ ಆಗುವುದಿಲ್ಲ, ಕೆಟ್ಟ ವರದಿ ಹುಡುಗನ ಹೆಸರಿನಲ್ಲಿ ಉಳಿಯುತ್ತದೆ.

ಗಡಿನಾಡಿನ ಮಕ್ಕಳಿಗೆ ಇನ್ನೊಂದು ಅಲೆದಾಟವಿದೆ. ಎಸ್.ಎಸ್.ಎಲ್.ಸಿ. ಕೇರಳದ್ದು, ಪದವಿ ಕರ್ನಾಟಕದ್ದು. ಯು.ಎ.ಇ. ಅಪೊಸ್ಟೀಲ್ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ ರಾಜ್ಯದ ಮುದ್ರೆ, ವಿದೇಶಾಂಗ ಇಲಾಖೆಯ ಮುದ್ರೆ, ರಾಯಭಾರ ಕಚೇರಿಯ ಮುದ್ರೆ ಎಲ್ಲವೂ ಬೇಕು. ಕೇರಳದ ಪತ್ರಗಳಿಗೆ ನೋರ್ಕಾ ರೂಟ್ಸ್ ಮುದ್ರೆ ಹಾಕುತ್ತದೆ. ಕರ್ನಾಟಕದ ಪದವಿಗೆ ಆ ಸರಕಾರದ ಅಧಿಕಾರಿಯ ಮುದ್ರೆ ಬೇಕು. ಒಂದು ಫೈಲು, ಎರಡು ದಿಕ್ಕು.

ಕನ್ನಡ ಮಾಧ್ಯಮವೇ ತೊಡಕಲ್ಲವೇ ಎಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಆಕೆಯನ್ನೇ ಕೇಳಿದೆವು. ಎಂಟನೆಯಲ್ಲಿ ಕನ್ನಡದಲ್ಲಿ ಕಲಿತ ರಕ್ತದ ಗುಂಪು ಈಗಲೂ ತಲೆಯಲ್ಲಿ ಕನ್ನಡದಲ್ಲೇ ಇದೆ, ಇಂಗ್ಲಿಷ್ ಪದ ಅದರ ಮೇಲೆ ಬಂದು ಕೂತಿದೆ ಎಂದಳು. ಬ್ರಿಟನಿಗೆ ಐ.ಇ.ಎಲ್.ಟಿ.ಎಸ್. 7 ಅಂಕ ಬೇಕೆಂಬುದು ನಿಜ. ಅದಕ್ಕೆ ಒಂದು ವರ್ಷ ದಿನಾ ಇಂಗ್ಲಿಷ್ ಓದಿ ಮಾತಾಡಬೇಕು. ಅದಕ್ಕಿಂತ ಸರಿಪಡಿಸಲಾಗದ ತಪ್ಪು ಹತ್ತನೆಯ ಬಳಿಕ ಆಗುತ್ತದೆ: ಆರು ತಿಂಗಳ 'ಲ್ಯಾಬ್ ಕೋರ್ಸ್' ಎಂಬ ಫಲಕ ನೋಡಿ ಹಣ ಕಟ್ಟುವುದು. ಪ್ಯಾರಾಮೆಡಿಕಲ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ಕೇಳದೆ ಸೇರಿದರೆ, ಹೊರದೇಶದ ಮಾತು ಹಾಗಿರಲಿ, ಇಲ್ಲಿಯೂ ಬಾಗಿಲು ಮುಚ್ಚುತ್ತದೆ. 2021ರ ಕೇಂದ್ರ ಕಾಯಿದೆ ಲ್ಯಾಬ್ ಕೆಲಸವನ್ನೂ ತನ್ನ ವ್ಯಾಪ್ತಿಗೆ ತಂದಿದೆ.

ಹೆಸರಿನ ವಿಷಯ ಸಣ್ಣದೆಂದು ತೋರಬಹುದು. ಪರೀಕ್ಷಾ ಕೇಂದ್ರದಲ್ಲಿ ಅರ್ಜಿಯ ಹೆಸರೂ ಗುರುತಿನ ಪತ್ರದ ಹೆಸರೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. 2022ರ ನವಂಬರದಲ್ಲಿ ಯು.ಎ.ಇ., ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶನ ವೀಸಾದಲ್ಲಿ ಪ್ರವೇಶವಿಲ್ಲವೆಂದಿತು. ನಮ್ಮ ಎಷ್ಟು ಮನೆಗಳಲ್ಲಿ ಒಂದೇ ಹೆಸರು ಮತ್ತೊಂದು ಇನಿಷಿಯಲ್‌ನಲ್ಲಿ ಬದುಕು ಸಾಗಿದೆ!

ಆಕೆಯ ತಿದ್ದುಪಡಿ ಅರ್ಜಿ ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗಿದೆ. ಜತೆಗೆ ನಮ್ಮ ಶಾಲೆಯ ದಾಖಲಾತಿ ಪುಸ್ತಕದ ಪ್ರತಿಯೂ ಹೋಗಿದೆ. ಈ ವರ್ಷ ಹತ್ತನೆಯ ಪಟ್ಟಿ ಕಳುಹಿಸುವ ಮೊದಲು ಹೆತ್ತವರನ್ನು ಜನನಪತ್ರ, ಆಧಾರ್ ಸಹಿತ ಕರೆಸಿ, ಒಂದೊಂದೇ ಅಕ್ಷರ ಓದಿಸಿದೆವು. ಮೊಮ್ಮಗನ ಪರವಾಗಿ ಬಂದ ಅಜ್ಜನೊಬ್ಬರು, "ಮನೆ ಹೆಸರಿನ ಬದಲು ಒಂದೇ ಅಕ್ಷರ ಬರೆದರೆ ಇವ ಯಾವ ಮನೆಯವನೆಂದು ಗೊತ್ತಾಗುವುದು ಹೇಗೆ?" ಎಂದು ಕೇಳಿದರು. ಜನನಪತ್ರದಲ್ಲಿ ಮನೆ ಹೆಸರು ಪೂರ್ತಿ ಇತ್ತು. ಹಾಗೆಯೇ ಬರೆದು ಅವರಿಂದ ರುಜು ಹಾಕಿಸಿಕೊಂಡೆವು.