ಗಿಡ, ಮರ, ಕಟ್ಟಿಗೆ: ಕಲಬುರಗಿ ಸೀಮೆಯ ಅರ್ಥವಿಭಜನೆ
ಬೆಳೆಯುವ ವೃಕ್ಷಕ್ಕೂ ಅದರಿಂದ ದೊರೆಯುವ ವಸ್ತುವಿಗೂ ದಕ್ಷಿಣ ಕರ್ನಾಟಕದಲ್ಲಿ 'ಮರ' ಒಂದೇ ಪದ: ಬೇವಿನ ಮರ, ಮರದ ಬಾಗಿಲು. ಉತ್ತರದ ಇತರೆಡೆಗಳಂತೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಆಡುಮಾತಿನಲ್ಲೂ ವೃಕ್ಷ ಸಾಮಾನ್ಯವಾಗಿ 'ಗಿಡ', ವಸ್ತು 'ಕಟ್ಟಿಗಿ': ಬೇವಿನ ಗಿಡ, ಕಟ್ಟಿಗಿ ಬಾಗಿಲ. ಅದೇ ಕಟ್ಟಿಗೆ ಒಲೆಗೂ ಹೋಗುತ್ತದೆ. ನಾಟಾ, ಸೌದೆಗಳ ಭೇದವನ್ನು ತಿಳಿಸುವುದು ಸಂದರ್ಭ. ಇದನ್ನು ಪದದಾರಿದ್ರ್ಯವೆನ್ನುವುದು ಶಿಷ್ಟರೂಪವನ್ನೇ ಅಳತೆಗೋಲಾಗಿಸಿಕೊಂಡ ಅವಸರದ ತೀರ್ಮಾನ. ಮರಾಠಿಯ 'ಝಾಡ', 'ಲಾಕೂಡ'ಗಳ ಅರ್ಥವ್ಯಾಪ್ತಿಯೂ ಬಹುಮಟ್ಟಿಗೆ ಹೀಗೆಯೇ; ದಖನಿಯ 'ಝಾಡ್', 'ಲಕ್ಡಿ'ಗಳದೂ ಅಷ್ಟೆ. 'ಕಟ್ಟಿಗೆ' ಮಾತ್ರ ತೆಲುಗಿನ 'ಕಟ್ಟೆ'ಯ ಜ್ಞಾತಿಪದ. ಹಾಗಾಗಿ ಇಲ್ಲಿ ಪದದ ಮೂಲವನ್ನೂ ಅರ್ಥದ ಗಡಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು. ವ್ಯಾಪಾರದಲ್ಲಿ ಭೇದ ಬೇಕಾದಾಗ 'ಟಿಂಬರ್' ಬರುತ್ತದೆ. ಮನೆ ಕಟ್ಟುವವರಿಗೆ ತೊಲೆ, ಜಂತಿ, ಹಲಗೆ ಎಂಬ ಭಾಗನಾಮಗಳೇ ಸಾಕು.