ಹಳೆಯ ಪುಟ್ಟ ವಿಮಾನ: ಏನು ತೆಗೆಯಬೇಕು, ಏನು ಉಳಿಸಬೇಕು?

ಅಮೆರಿಕದಲ್ಲಿ ಸ್ವಂತ ಪುಟ್ಟ ವಿಮಾನ ಇಟ್ಟುಕೊಂಡವರೆಲ್ಲ ಕೋಟ್ಯಧಿಪತಿಗಳೆಂದು ನಾವು ಭಾವಿಸಬೇಕಾಗಿಲ್ಲ. 1950ರ ದಶಕದಲ್ಲಿ ಬಂದ ನಾಲ್ಕು ಆಸನಗಳ ಸೆಸ್ನಾ 172 ವಿಮಾನಗಳು 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಈಗಲೂ ಹಾರುತ್ತಿರುವ ಅನೇಕ ವಿಮಾನಗಳ ವಯಸ್ಸು ಐವತ್ತರ ಆಸುಪಾಸು. ಎಂಜಿನನ್ನು ಬಿಚ್ಚಿ ಸರಿಪಡಿಸಿದರೆ ಮತ್ತೆ ಓಡುತ್ತದೆ. ದಾರಿ ತೋರಿಸುವ ಉಪಕರಣಗಳ ಕಥೆ ಹಾಗಲ್ಲ. ಅಂಕಿ ತೋರಿಸುವ ಪರದೆ ಮಂಕಾಗುತ್ತದೆ, ಬಿಡಿಭಾಗ ಸಿಗುವುದಿಲ್ಲ, ಕೆಲವೊಮ್ಮೆ ನೆಲದ ಮೇಲಿನ ಕೇಂದ್ರವೇ ಮುಚ್ಚಿಹೋಗುತ್ತದೆ.

ಲೋರಾನ್-ಸಿ ಎಂಬ ವ್ಯವಸ್ಥೆಗೆ ಆದದ್ದು ಇದೇ. ಹಡಗುಗಳೂ ವಿಮಾನಗಳೂ ನಂಬಿದ್ದ ಅದರ ಸಂಕೇತವನ್ನು ಅಮೆರಿಕ 2010ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಮಾಲೀಕರ ಪಾಲಿಗೆ ಉಳಿದದ್ದು ಬರೀ ಭಾರ. ಇನ್ನೊಂದು ಹಳೆಯ ಸಾಧನ ಎ.ಡಿ.ಎಫ್. ಅದರ ಮುಳ್ಳು ರೇಡಿಯೋ ಕೇಂದ್ರದ ಕಡೆಗೆ ತಿರುಗಬೇಕು, ಆದರೆ ಗುಡುಗು ಮಳೆಯಿದ್ದರೆ ಮಿಂಚಿನ ಕಡೆಗೂ ತಿರುಗುತ್ತದೆ! ಇದನ್ನು ತೆಗೆಯಲು ಹೆಚ್ಚು ಯೋಚಿಸಬೇಕಾಗಿಲ್ಲ.

ಇವುಗಳ ಜಾಗಕ್ಕೆ ಬರುವುದು ಜಿ.ಪಿ.ಎಸ್. ಮಲ್ಪೆಯ ಮೀನುಗಾರಿಕಾ ದೋಣಿಗಳಲ್ಲಿ ಅದನ್ನು ನೋಡಿದ ನಮ್ಮ ಓದುಗರಿಗೆ ಇದು ಹೊಸತಲ್ಲ. ಆದರೆ ದೋಣಿಯಲ್ಲಿ ತಂದು ಸಿಕ್ಕಿಸಿದಂತೆ ವಿಮಾನದಲ್ಲಿ ಆಗದು. ಮೋಡದೊಳಗೆ ಹೊರಗಿನದೇನೂ ಕಾಣದೆ ಹಾರುವವನಿಗೆ ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಅಥವಾ ಐಪ್ಯಾಡ್ ಸಹಾಯಕ ಮಾತ್ರ. ಕಾನೂನು ಅದನ್ನು ಮುಖ್ಯ ಸಾಧನವೆಂದು ಒಪ್ಪುವುದಿಲ್ಲ. ಒಪ್ಪಿಗೆ ಪಡೆದ ಉಪಕರಣವನ್ನು ಫಲಕದಲ್ಲೇ ಕೂರಿಸಬೇಕು. 2003ರಲ್ಲಿ ಅಮೆರಿಕ ಆರಂಭಿಸಿದ 'ವಾಸ್' ಎಂಬ ತಿದ್ದುಪಡಿ ಸಂಕೇತವನ್ನು ಬಳಸುವ ಜಿ.ಪಿ.ಎಸ್. ಇದ್ದರೆ, ರೇಡಿಯೋ ಮಾರ್ಗದರ್ಶಿಯೇ ಇಲ್ಲದ ಎಷ್ಟೋ ಸಣ್ಣ ರನ್‌ವೇಗಳಿಗೂ ಮೋಡದೊಳಗಿಂದ ಇಳಿದು ಬರಬಹುದು. ಕೆಲವು ಕಡೆ ನೆಲದಿಂದ ಸುಮಾರು 200 ಅಡಿಯವರೆಗೂ.

ಖರ್ಚಿನ ವಿಷಯದಲ್ಲಿ ಮಾಲೀಕರು ಮೋಸ ಹೋಗುವುದು ಉಪಕರಣದ ಬೆಲೆಯನ್ನಷ್ಟೇ ಲೆಕ್ಕ ಹಾಕಿದಾಗ. ಆಂಟೆನಾ, ಹೊಸ ತಂತಿ, ಫಲಕ ಕತ್ತರಿಸುವ ಕೆಲಸ, ಒಪ್ಪಿಗೆಯ ಕಾಗದಪತ್ರ, ವಿಮಾನದ ತೂಕ ಮತ್ತು ಸಮತೋಲನದ ಹೊಸ ಲೆಕ್ಕ ಎಲ್ಲವೂ ಸೇರಿ ಕೂಲಿಯೇ ಸಾವಿರಾರು ಡಾಲರ್ ಆಗುತ್ತದೆ. ನಕ್ಷೆಯ ಮಾಹಿತಿ 28 ದಿನಕ್ಕೊಮ್ಮೆ ಬದಲಾಗುತ್ತದೆ. ಅದಕ್ಕೂ ಚಂದಾ ಕಟ್ಟಬೇಕು. ವಿಮಾನ ಮಾರುವಾಗ ಈ ಹಣ ಪೂರ್ತಿ ಹಿಂದೆ ಬಾರದು. ಆದುದರಿಂದ ಫಲಕ ಬಿಚ್ಚಿದಾಗಲೇ ಸತ್ತ ತಂತಿಗಳನ್ನು ತೆಗೆಸಿ, ಮಾಡಬೇಕಾದ ಇತರ ಕೆಲಸವನ್ನೂ ಒಟ್ಟಿಗೆ ಮುಗಿಸುವುದು ಲಾಭ.

ಹಾಗೆಂದು ಹಳೆಯದನ್ನೆಲ್ಲ ಕಿತ್ತೆಸೆಯುವುದು ಜಾಣತನವೆಂದು ನಮಗೆ ಅನಿಸುವುದಿಲ್ಲ. ಜಿ.ಪಿ.ಎಸ್. ಸಂಕೇತ ಬಹಳ ಕ್ಷೀಣ, ಅದಕ್ಕೆ ಅಡ್ಡಿಪಡಿಸುವುದು ಕಷ್ಟವಲ್ಲ. ಈ ಕಾರಣಕ್ಕೇ ಅಮೆರಿಕದ ವಿಮಾನಯಾನ ಆಡಳಿತವು ವಿ.ಓ.ಆರ್. ಎಂಬ ಹಳೆಯ ರೇಡಿಯೋ ಕೇಂದ್ರಗಳನ್ನು ಕಡಿಮೆ ಮಾಡುತ್ತಿದ್ದರೂ ಪೂರ್ತಿ ಮುಚ್ಚುತ್ತಿಲ್ಲ. ಜಿ.ಪಿ.ಎಸ್. ಕೈಕೊಟ್ಟರೆ 100 ನಾಟಿಕಲ್ ಮೈಲಿಯೊಳಗೆ ಅದಿಲ್ಲದೆ ಇಳಿಯಬಹುದಾದ ಒಂದು ನಿಲ್ದಾಣ ಇರಬೇಕೆಂಬುದು ಅವರ ಯೋಜನೆ. ಒಂದು ವಿ.ಓ.ಆರ್. ಗ್ರಾಹಕ ಫಲಕದಲ್ಲಿ ಉಳಿಯಲಿ. ಮೋಡದೊಳಗೆ ಅದನ್ನು ನಂಬಿ ಹಾರುವುದಾದರೆ 30 ದಿನಕ್ಕೊಮ್ಮೆ ಪರೀಕ್ಷಿಸಬೇಕು.

ಹೊಸ ಉಪಕರಣ ಬಂದ ಮೇಲಿನ ಮೊದಲ ಹಾರಾಟಗಳು ಶುಭ್ರ ಹವೆಯಲ್ಲೇ ನಡೆಯಲಿ. ಮೋಡದೊಳಗೆ ಗುಂಡಿ ಹುಡುಕುತ್ತ ಕುಳಿತವನಿಗೆ ವಿಮಾನ ವಾಲಿದ್ದು ತಿಳಿಯುವುದಿಲ್ಲ.